ಅತ್ತೆ ಆರಿಸಿದ ಗಾಡಿ

"ಬಿಚ್ಚು ಶೂ," ಎಂದಳು ಮುದುಕಿ.

ಗೋದಾಮಿನಿಂದ ಹೊರಗೆ ಬರುತ್ತಿದ್ದ ಮಿಹ್ಯಾಂಗ್ ಬಾಗಿಲಲ್ಲೇ ನಿಂತಳು. ಕೊರಿಯಾದ ಸುಂಚೊನ್ ಪೇಟೆಯಲ್ಲಿ ಮಕ್ಕಳ ಗಾಡಿ ಮಾರಲು ಶುರುಮಾಡಿ ಅವಳಿಗೆ ಹನ್ನೊಂದು ವರ್ಷವಾಗಿತ್ತು. ಇಂಥದ್ದನ್ನು ನೋಡಿರಲಿಲ್ಲ. ಸೋಫಾದ ಮೇಲೆ ಉದ್ದ ಲಂಗದ ತುಂಬು ಬಸುರಿ ಕೂತಿದ್ದಳು. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ ಮುದುಕಿಗೆ ಗುಂಗುರು ಕ್ರಾಪು, ಹೂವಿನ ಚಿತ್ರದ ದೊಗಳೆ ಪೈಜಾಮ. ಮುದುಕಿ ಲಂಗದಡಿ ಕೈ ಹಾಕಿ ಎರಡೂ ಶೂ ಎಳೆದುಕೊಂಡಳು. ಗೋಡೆಯ ಕಡೆ ತಿರುಗಿ ತನ್ನ ಕಾಲಿಗೆ ಏರಿಸಿಕೊಂಡಳು. ಮಣ್ಣು ಮೆತ್ತಿದ ತನ್ನ ರಬ್ಬರ್ ಚಪ್ಪಲಿಗಳನ್ನು ಮೂಲೆಗೆ ಒದ್ದು ಎದ್ದು ನಿಂತಾಗ ಪೈಜಾಮದ ಅಂಚು ನೆಲಕ್ಕಿಳಿಯಿತು.

"ಅತ್ತೆ, ಯಾರಾದ್ರೂ ನೋಡ್ತಾರೆ..."

"ನೋಡ್ಲಿ ಬಿಡೇ ದಾಜಂಗ್. ನಮ್ಮಿಬ್ರದೂ ಒಂದೇ ಎತ್ತರ, ಒಂದೇ ಅಳತೆ ಪಾದ. ನೀನು ಏಳ್ಬೇಡ. ಗಾಡಿ ನಾನು ನೋಡ್ತೀನಿ."

ಥೂ! ಮಿಹ್ಯಾಂಗಳಿಗೆ ಮೈಯೆಲ್ಲ ಉರಿಯಿತು. ಬಸುರಿಯ ಕಾಲಿನ ಶೂವನ್ನೂ ಬಿಡಲಿಲ್ಲವಲ್ಲ ಈ ಹೆಂಗಸು!

ಮುದುಕಿಗೆ ಏನು ಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುತ್ತಲಿನ ಯಾವ ಹಳ್ಳಿಗಾದರೂ ಹೋಗಿ, ವಯಸ್ಸಾದವರು ಸೇರುವ ಮನೆಯ ಮುಂದೆ ಏಳೆಂಟು ಮಕ್ಕಳ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಂದರಲ್ಲೂ ಮಗುವಿರುವುದಿಲ್ಲ. ಎಲೆಕೋಸು, ಮೂಲಂಗಿ, ಮೆಣಸಿನಪುಡಿಯ ಚೀಲ ಇರುತ್ತವೆ. ಬಗ್ಗಿದ ನಡುವಿಗೆ ಅದೇ ಆಸರೆ. ಹಳೆಯದನ್ನು ಒಯ್ದರೆ ಯಾರೂ ಬೇಡವೆನ್ನುವುದಿಲ್ಲ. ಮಿಹ್ಯಾಂಗಳ ಅತ್ತೆ ಹೊಸದನ್ನೇ ಒಯ್ದಿದ್ದಳು. ಮಗುವಿಗೆ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಬೇಸಿಗೆಯುದ್ದಕ್ಕೂ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದ ಆ ಬೆವರಿನ ನಾತ ಇವತ್ತಿಗೂ ಅವಳ ಮೂಗಿನಲ್ಲಿದೆ. ಈ ಹುಡುಗಿಗೂ ಹಾಗಾಗಲು ಬಿಡಬಾರದು ಎಂದುಕೊಂಡಳು.

"ನಿಂಗ್ಯಾವ್ದು ಇಷ್ಟಮ್ಮ?" ಎಂದು ಬೇಕೆಂದೇ ಸೊಸೆಯನ್ನು ಕೇಳಿದಳು.

ದಾಜಂಗ್ ಕಿಟಕಿಯ ಬಳಿಯ ಹಳದಿ ಗಾಡಿಯತ್ತ ಕಣ್ಣು ಹಾಯಿಸಿದಳು. ಹಗುರ, ಚೆಂದ, ಒಂದೇ ಕೈಯಲ್ಲಿ ಮಡಚಬಹುದು.

ಅಷ್ಟರಲ್ಲಿ ಮುದುಕಿ ಅದರ ಹತ್ತಿರ ಹೋಗಿಯಾಗಿತ್ತು. ತಾನು ತಂದಿದ್ದ ಗಂಟು ಬಿಚ್ಚಿ ಮೂರು ಕಿಲೋ ಅಕ್ಕಿಯ ಚೀಲ ತೆಗೆದು, ಮಗು ಕೂರುವ ಜಾಗದಲ್ಲಿ ಧೊಪ್ಪನೆ ಇಟ್ಟು, ಬೆಲ್ಟ್ ಬಿಗಿದಳು. ಅಂಗೈಗೆ ಉಗುಳು ಸವರಿಕೊಂಡು ಹಿಡಿಯನ್ನು ಹಿಡಿದಳು. ಹೊಸ ಗಾಡಿಗೆ ಉಗುಳು! ಮುದುಕಿ ಮೈಭಾರವನ್ನೆಲ್ಲ ಎಡಕ್ಕೆ ಹೇರಿ, ಎಡಗಾಲನ್ನು ಎಳೆಯುತ್ತಾ ಕುಂಟತೊಡಗಿದಳು. ನಾಲ್ಕನೇ ಹೆಜ್ಜೆಗೆ ಹಳದಿ ಗಾಡಿ ಎಡಕ್ಕೆ ವಾಲಿ ಮಗುಚಿಬಿತ್ತು.

"ಸಾಕು ಅತ್ತೆ. ಹಾಗೆ ಮಾಡ್ಬೇಡಿ." ದಾಜಂಗ್ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು.

"ಅಳ್ಬೇಡ್ವೇ. ಬಿದ್ದಿದ್ದು ಅಕ್ಕಿ ತಾನೆ?"

ಮಿಹ್ಯಾಂಗ್ ಹಲ್ಲು ಕಚ್ಚಿಕೊಂಡು ಗಾಡಿಯನ್ನು ಎತ್ತಿ ನಿಲ್ಲಿಸಿದಳು. "ಅಜ್ಜಿ, ಹಾಗೆಲ್ಲ ಜೋತುಬಿದ್ರೆ ಯಾವ ಗಾಡಿ ನಿಲ್ಲತ್ತೆ? ಊರಿಕೊಂಡು ನಡೆಯೋ ಗಾಡಿ ಬೇಕಿದ್ರೆ ಪಕ್ಕದ ಬೀದೀಲಿ ಸಿಗತ್ತೆ."

"ಅಲ್ಲಿಗೂ ಹೋಗಿ ಬಂದ್ವಿ. ಅದ್ರಲ್ಲಿ ಮಗು ಕೂರೋಕಾಗಲ್ಲ."

ನಾಚಿಕೆಯಾದರೂ ಬೇಡವೇ! ಮುದುಕಿ ಒಂದೊಂದನ್ನೇ ಹಿಡಿದು ಅಂಗಡಿಯುದ್ದಕ್ಕೂ ಕುಂಟಿದಳು. ಇದರ ಹಿಡಿ ತಗ್ಗು, ಅದರ ಬ್ರೇಕ್ ಕೆಲಸಕ್ಕೆ ಬಾರದ್ದು, ಇನ್ನೊಂದರ ಚಕ್ರ ಜಾರುತ್ತೆ. ಬಾಯಿ ತೆರೆದರೆ ಬೆಳ್ಳುಳ್ಳಿ ವಾಸನೆ. ಮಗುವಿಗೆ ಮೆತ್ತಗಿದೆಯೇ, ಬಿಸಿಲು ಬೀಳುವುದಿಲ್ಲವೇ ಎಂದು ಒಂದು ಮಾತೂ ಕೇಳಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಕಪ್ಪು ಗಾಡಿಯನ್ನು ಹೊರಗೆಳೆದು ಅಕ್ಕಿಯ ಚೀಲವನ್ನು ಅದರಲ್ಲಿಟ್ಟಳು. ಅಗಲ ಚಕ್ರದ, ಭಾರದ, ಎರಡು ವರ್ಷದಿಂದ ಯಾರೂ ಮುಟ್ಟದ ಗಾಡಿ. ಅದರ ಮೇಲೆ ಎಷ್ಟು ವಾಲಿದರೂ ಅದು ಅಲುಗಲಿಲ್ಲ.

"ಇದೇ!" ಮುದುಕಿಯ ಮುಖ ಊರಗಲವಾಯಿತು.

ಮಿಹ್ಯಾಂಗಳಿಗೆ ತಡೆಯಲಾಗಲಿಲ್ಲ. "ನಿಜ ಹೇಳಿ ಅಜ್ಜಿ, ಇದು ಮಗುಗೋ? ಅಥ್ವಾ ಊರಿಕೊಂಡು ನಡೆಯೋಕೋ?"

"ಎರಡಕ್ಕೂ ಕಣಮ್ಮಾ."

ಎಷ್ಟು ಧೈರ್ಯ! ಮಿಹ್ಯಾಂಗ್ ಸೊಸೆಯ ಕಡೆ ನೋಡಿದಳು. ಅವಳು ತಲೆ ತಗ್ಗಿಸಿ ಲಂಗದ ಅಂಚನ್ನು ಹಿಂಡುತ್ತಿದ್ದಳು. ಒಂದು ಮಾತಾಡಬಾರದೇ ಹುಡುಗಿ? ಒಂದೇ ಒಂದು ಸಲ ಬೇಡ ಅನ್ನಬಾರದೇ? ಹನ್ನೊಂದು ವರ್ಷದ ಹಿಂದೆ ತಾನೂ ಹೀಗೇ ಬಾಯಿ ಮುಚ್ಚಿಕೊಂಡಿದ್ದು ನೆನಪಾಗಿ, ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು.

ಮುದುಕಿ ಶೂಗಳನ್ನು ಕಳಚಿ ಕೈಗೆತ್ತಿಕೊಂಡಳು. ಕಪ್ಪು ಗಾಡಿಯನ್ನು ತಳ್ಳಿಕೊಂಡು, ಬರಿಗಾಲಲ್ಲಿ, ಹದಿನಾರರ ಹುಡುಗಿಯ ಹಾಗೆ ಸರಸರ ನೆಟ್ಟಗೆ ನಡೆದು ಸೋಫಾದ ಬಳಿ ಬಂದಳು. ಕುಂಟಿಲ್ಲ, ಗಿಂಟಿಲ್ಲ.

ನಾಟಕ! ಇಷ್ಟು ಹೊತ್ತು ಮಾಡಿದ್ದೆಲ್ಲ ಬರೀ ನಾಟಕ! ಮಿಹ್ಯಾಂಗಳಿಗೆ ಆ ಮುಖಕ್ಕೆ ಉಗಿಯಬೇಕೆನ್ನಿಸಿತು. "ಈ ಗಾಡಿ ಮಾರಲ್ಲ" ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು.

ಮುದುಕಿ ನೆಲಕ್ಕೆ ಮಂಡಿಯೂರಿ, ಸೊಸೆಯ ಪಾದಗಳನ್ನು ಒಂದೊಂದಾಗಿ ಮಡಿಲಿಗೆ ತೆಗೆದುಕೊಂಡು ಶೂ ತೊಡಿಸಿದಳು. ಎಡಗಾಲಿನ ಶೂವಿನ ಅಟ್ಟೆ ಬಲಗಾಲಿನದಕ್ಕಿಂತ ನಾಲ್ಕು ಬೆರಳು ದಪ್ಪವಿತ್ತು.

"ಈಗ ಏಳು. ನನ್ನ ಕೈ ಬೇಡ, ಗಾಡೀನೇ ಹಿಡ್ಕೋ."

ದಾಜಂಗ್ ಎದ್ದಳು, ಎಡಗಾಲನ್ನು ಎಳೆಯುತ್ತಾ, ಯಾರ ಕೈಯನ್ನೂ ಹಿಡಿಯದೆ, ಅಕ್ಕಿಯ ಕೂಸನ್ನು ತಳ್ಳಿಕೊಂಡು ಬಾಗಿಲವರೆಗೆ ಹೋಗಿ ಬಂದಳು.