ಕದ್ದ ವಿನ್ಯಾಸ

ವಿನ್ಯಾಸ ಕಾಲೇಜಿನ ವಿಚಾರಣಾ ಸಮಿತಿಯ ಮುಂದೆ ರೂಪ್ಲಿಬಾಯಿ ನಿಂತೇ ಇದ್ದಳು. ಕೂತ್ಕೋ ಎಂದು ಯಾರೂ ಹೇಳಲಿಲ್ಲ. ಅಂತಿಮ ಪರೀಕ್ಷೆಗೆ ಅವಳು ಕಸೂತಿ ಹಾಕಿದ್ದ ಬಟ್ಟೆ ಮೇಜಿನ ಮೇಲೆ ಹರಡಿತ್ತು.

"ಈ ವಿನ್ಯಾಸ ನನ್ನದು. ನನ್ನ ಪುಸ್ತಕದಲ್ಲಿ ಅಚ್ಚಾಗಿ ಹದಿನೆಂಟು ವರ್ಷ ಆಯ್ತು," ಎಂದರು ಪ್ರೊಫೆಸರ್ ಶ್ರೀನಿಧಿ. "ಕದ್ದದ್ದು ಒಪ್ಪಿಕೊಂಡ್ರೆ ಬರೀ ಫೇಲು. ಇಲ್ಲಾಂದ್ರೆ ಕಾಲೇಜಿಂದಲೇ ಹೊರಗೆ."

"ಮನೇಲಿ ಕಲಿತಿದ್ದು ಸರ್. ನಿಮ್ಮ ಪುಸ್ತಕ ನಾನು ನೋಡೇ ಇಲ್ಲ."

"ತಾಂಡಾದಿಂದ ಬಂದೋರೆಲ್ಲ ಇದನ್ನೇ ಹೇಳ್ತೀರಿ. ಕನ್ನಡಿ ಹೊಲಿಯೋದು ಬೇರೆ, ವಿನ್ಯಾಸ ಮಾಡೋದು ಬೇರೆ."

ಅವರು ಪುಸ್ತಕ ತೆರೆದು ಅವಳತ್ತ ತಳ್ಳಿದರು. ಅದೇ ಹೊಲಿಗೆ, ಅದೇ ಕನ್ನಡಿಗಳ ಸಾಲು. ಒಪ್ಪಿಕೊಂಡುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆಗ ಎದುರು ಪುಟದ ಫೋಟೊ ಕಣ್ಣಿಗೆ ಬಿತ್ತು. ಅದರಲ್ಲಿ ಮುಖವಿರಲಿಲ್ಲ. ಮೊಣಕೈವರೆಗೆ ಬಿಳಿ ಬಳೆ ತೊಟ್ಟ ಎರಡು ಕೈ, ಸೂಜಿ ಹಿಡಿದ, ಅವಳು ಚಿಕ್ಕಂದಿನಿಂದ ಕಂಡ ಮೊಂಡು ಹೆಬ್ಬೆರಳು, ತೊಡೆಯ ಮೇಲೆ ಮಲಗಿದ ಕೂಸು. ಕೆಳಗೆ 'ಅನಾಮಿಕ ಕುಶಲಕರ್ಮಿ' ಎಂದು ಬರೆದಿತ್ತು.

"ಕದ್ದಿದ್ದು ಹೌದೋ ಅಲ್ಲವೋ?"

"ಈಕೆಯ ಹೆಸರು ಘಮ್ಲಿಬಾಯಿ ಸರ್, ನನ್ನನ್ನ ಹೆತ್ತ ಯಾಡಿ," ಎಂದಳು ಅವಳು, ಫೋಟೊದ ಮೇಲೆ ಬೆರಳಿಟ್ಟು. "ತೊಡೆ ಮೇಲೆ ಮಲಗಿರೋಳು ನಾನು."