ಮರಿಯಮ್ಮಜ್ಜಿಯ ಹಿಡಿ ಅಕ್ಕಿ

ಕಲ್ಯಾಣದುರ್ಗದಲ್ಲಿ ಈಗ ನಾನೂ ಅಪ್ಪನಂತೆ ಪಾಸ್ಟರು. ಭಾನುವಾರ ಚರ್ಚಿಗೆ ಬಂದ ಹಿಡಿ ಅಕ್ಕಿಯ ಚೀಲ ಬಿಚ್ಚಿದಾಗೆಲ್ಲ ಆ ವಾಸನೆಗೆ ಅಪ್ಪ ಪಾಸ್ಟರಾಗಿದ್ದ ಹಿಂದೂಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಒಲೆ ಹಚ್ಚಿದಾಗೆಲ್ಲ ಸಭೆಯ ಹೆಂಗಸರು ದೇವರಿಗೆಂದು ಒಂದು ಹಿಡಿ ಅಕ್ಕಿ ಎತ್ತಿಟ್ಟು, ಭಾನುವಾರ ತಂದು ಸುರಿಯುತ್ತಿದ್ದರು. ನಮ್ಮ ಮನೆಯ ಊಟ ಅದೇ. ಸಣ್ಣಕ್ಕಿ, ರೇಷನ್ ಅಕ್ಕಿ ಎಲ್ಲ ಬೆರೆತು, ಅರ್ಧ ಮುದ್ದೆಯಾಗಿ ಅರ್ಧ ಗಟ್ಟಿಯಾಗಿ ಬೇಯುತ್ತಿತ್ತು. "ಮರಿಯಮ್ಮಜ್ಜಿ ತರೋ ದಪ್ಪಕ್ಕಿ ನಂಗೆ ಬ್ಯಾಡ," ಅಂತ ಒಂದು ಭಾನುವಾರ ತಟ್ಟೆ ತಳ್ಳಿದೆ. ಸಭೆಯ ಆ ಅಜ್ಜಿ ನಮ್ಮ ಜಗುಲಿಯಲ್ಲೇ ಕೂತಿದ್ದಳು. ಅಮ್ಮ ನನ್ನ ತೊಡೆ ಚಿವುಟಿದಳು.

ಮುಂದಿನ ಶನಿವಾರ ಅಜ್ಜಿ ತೀರಿಕೊಂಡಳು. ಮರುದಿನ ಆರಾಧನೆ ಮುಗಿಸಿ ಅಪ್ಪನೇ ಮಣ್ಣು ಮಾಡಿ ಬಂದರು. ಅವರ ಹಿಂದೆಯೇ ಅಜ್ಜಿಯ ಸೊಸೆ ಒಂದು ಬಟ್ಟೆಗಂಟು ಹಿಡಿದು ಬಂದಳು.

"ಅತ್ತೆ ವಾರವೆಲ್ಲ ಎತ್ತಿಟ್ಟಿದ್ದು ಕಣಮ್ಮ. ಪಾಸ್ಟರಯ್ಯಗಾರಿ ಮಗಂಗೆ ಅಂತ ಅಂಗಡಿಯಿಂದ ತರ್ಸಿತ್ತು. ತಾನು ಮಾತ್ರ ರೇಷನ್ ಅಕ್ಕೀನೇ ಉಂಡ್ತು."

ಅಮ್ಮ ಗಂಟು ಬಿಚ್ಚಿದಳು. ಬರೀ ಸಣ್ಣಕ್ಕಿ, ಒಂದು ಕಲ್ಲೂ ಇರಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. ಅದನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ನನ್ನೊಬ್ಬನ ತಟ್ಟೆಗೇ ಬಡಿಸಿದಳು.