ನೀರಿನ ಕಾಯಿ

ಅಟ್ಟದಿಂದ ಇಳಿಸಿದ ಕಾಯನ್ನು ಶಂಭುಲಿಂಗಯ್ಯ ಕಿವಿಗೆ ಹಿಡಿದು ಒಂದೇ ಸಲ ಅಲ್ಲಾಡಿಸಿ, ಒಣಗಿದವನ್ನು ಸುಲಿಯಲು ಹಾಕುವ ಗುಡ್ಡೆಗೆ ಎಸೆದ. ಒಣಗಿದ ಕೊಬ್ಬರಿಯಾದರೆ ಚಿಪ್ಪಿನೊಳಗೆ ಗಡಗಡ ಎನ್ನಬೇಕು. ಇದರಲ್ಲಿ ನೀರು ಕುಲುಕಿದ್ದು ಎದುರು ಕುಳಿತಿದ್ದ ಹೆಂಡತಿ ಗಿರಿಜಾಂಬಿಕಾಗೂ ಕೇಳಿಸಿತು.

ಮೊದಲಾಗಿದ್ದರೆ ಅದೊಂದೇ ಕಾಯನ್ನು ಮಧ್ಯಾಹ್ನದವರೆಗೂ ಅಲ್ಲಾಡಿಸುತ್ತ, "ಒಣಗೈತೆ ತಾನೇ? ನೀನೂ ಕೇಳೇ" ಎಂದು ಅವಳ ಪ್ರಾಣ ತಿನ್ನುತ್ತಿದ್ದ. ಅನುಮಾನದ ಆ ಕಾಯಿಲೆ ಯಾವ ಮಾತ್ರೆಗೂ ಬಗ್ಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಸಂಶೋಧನೆ ನಡೆಸುತ್ತಿದ್ದ ವೈದ್ಯರು ಅವನ ಮಿದುಳಿಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸಿದ್ದರು. ಕರೆಂಟನ್ನು ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದರು. ಗುಣವಾಗಬಹುದು, ಆಗದೆಯೂ ಇರಬಹುದು ಎಂದು ಮೊದಲೇ ಹೇಳಿದ್ದರು.

ಗಿರಿಜಾಂಬಿಕಾ ಆ ಹಳೆಯ ಪ್ರಶ್ನೆಗೆ ಕಾದಳು. ಅವನು ಆಗಲೇ ಇನ್ನೊಂದು ಕಾಯಿ ಎತ್ತಿಕೊಂಡಿದ್ದ.

"ಯಾಕೇ ಹಂಗ್ ನೋಡ್ತೀಯ?"

"ಏನಿಲ್ಲ ಬುಡ್ರೀ."

ಅವನು ಅತ್ತ ತಿರುಗಿದಾಗ ಅವಳು ನೀರಿನ ಕಾಯನ್ನು ಕುಲುಕದಂತೆ ಎತ್ತಿ ಸೆರಗಿನಡಿ ಇಟ್ಟುಕೊಂಡಳು. ಮದುವೆಯಾದಾಗಿನಿಂದ ಅವನು ಕಾಯಿ ಆರಿಸುವಾಗ ಮಾಡಿದ ಮೊದಲ ತಪ್ಪು ಅದು.